ರಂಝಾನಿನ ಅತಿಥಿಗಳು: ನಾಲ್ಕು ಪುಸ್ತಕಗಳು, ಬರೆಯದೆ ಉಳಿದ ಒಂದು

1

ಕನ್ನಡದ ಪ್ರವಾಸ ಸಾಹಿತ್ಯದ ಮಾತು ಬಂದಾಗಲೆಲ್ಲ ನಾವು ಮೊದಲು ನೆನೆಯುವುದು ಪಶ್ಚಿಮಕ್ಕೆ ಹೋಗಿ ಬಂದವರನ್ನು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’ – ಇವು ನಾನು ಪಾಠ ಮಾಡಿದ ಶಾಲೆಗಳ ಕಪಾಟಿನಲ್ಲೆಲ್ಲ ಇದ್ದವು. ಮಕ್ಕಳು ಓದಿ ಮೆಚ್ಚಿದ್ದೂ ಉಂಟು. ಆದರೆ ಆ ಮಕ್ಕಳ ತಂದೆಯೋ ಮಾವನೋ ಊರು ಬಿಟ್ಟು ಹೋದದ್ದು ಲಂಡನ್ನಿಗೂ ಅಲ್ಲ, ಅಮೆರಿಕಕ್ಕೂ ಅಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು, ಬದಿಯಡ್ಕಗಳಿಂದ ಹೊರಟವರು ಹೆಚ್ಚಾಗಿ ತಲುಪಿದ್ದು ದುಬೈಗೆ, ಶಾರ್ಜಾಕ್ಕೆ, ಮಸ್ಕತ್ತಿಗೆ, ಕುವೈತಿಗೆ. ಹೋದವರಲ್ಲಿ ಬ್ಯಾರಿಗಳೂ ಮಾಪಿಳ್ಳೆಗಳೂ ಇದ್ದಂತೆ ಬಂಟರು, ಬಿಲ್ಲವರು, ಕ್ರೈಸ್ತರು, ಹವ್ಯಕರೂ ಇದ್ದರು. ನಮ್ಮ ಗಡಿನಾಡಿನ ಎಷ್ಟೋ ಮನೆಗಳ ಮಣ್ಣಿನ ಗೋಡೆ ಕೆಂಪುಕಲ್ಲಿಗೆ, ಮುಳಿಹುಲ್ಲಿನ ಮಾಡು ಹೆಂಚಿಗೆ, ಆಮೇಲೆ ತಾರಸಿಗೆ ತಿರುಗಿದ್ದು ಆ ಹಣದಿಂದ. ಹಣ ಬಂದು ಮುಟ್ಟಿತು. ಅನುಭವ ಮಾತ್ರ ಕನ್ನಡಕ್ಕೆ ಅಷ್ಟಾಗಿ ಬಂದು ಮುಟ್ಟಲಿಲ್ಲ.

ಈ ಕೊರತೆಯನ್ನು ಒಟ್ಟಾಗಿ ಚರ್ಚಿಸಹೊರಟರೆ ಮಾತು ಹಾರಿಹೋಗುತ್ತದೆ. ಆದ್ದರಿಂದ ಒಂದು ಸಣ್ಣ ವಿಷಯವನ್ನು ಹಿಡಿದುಕೊಳ್ಳುತ್ತೇನೆ: ಮುಸ್ಲಿಂ ದೇಶವೊಂದರಲ್ಲಿ ರಂಝಾನ್ ತಿಂಗಳು ಕಳೆದ ಹೊರಗಿನವರು ಅದನ್ನು ಹೇಗೆ ಬರೆದಿದ್ದಾರೆ? ಇದಕ್ಕಾಗಿ ಹೆಸರಾದ ನಾಲ್ಕು ಪುಸ್ತಕಗಳನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಮೊರಾಕ್ಕೋದ ಇಬ್ನ್ ಬತೂತನ ಪ್ರವಾಸ ಕಥನ, ಇಂಗ್ಲೆಂಡಿನ ಎಡ್ವರ್ಡ್ ಲೇನ್ ಈಜಿಪ್ಟಿನವರ ರೀತಿನೀತಿಗಳ ಬಗ್ಗೆ 1836ರಲ್ಲಿ ಪ್ರಕಟಿಸಿದ ಗ್ರಂಥ, ಫ್ರಾನ್ಸಿನ ಕವಿ ಜೆರಾರ್ ದ ನೆರ್ವಾಲ್ 1851ರಲ್ಲಿ ಹೊರತಂದ ಪೂರ್ವದೇಶದ ಪ್ರವಾಸ ಕಥನ, ರಿಚರ್ಡ್ ಬರ್ಟನ್ 1855–56ರಲ್ಲಿ ಪ್ರಕಟಿಸಿದ ಮದೀನ–ಮಕ್ಕಾ ಯಾತ್ರೆಯ ವೃತ್ತಾಂತ. ಇಬ್ನ್ ಬತೂತ ಸ್ವತಃ ಮುಸ್ಲಿಂ. ಆದರೂ ಈಜಿಪ್ಟಿನ ಹಳ್ಳಿಪಟ್ಟಣಗಳಲ್ಲಿ ಅವನೂ ದಾರಿಹೋಕನೇ.

ರಂಝಾನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಜಾತ್ರೆ, ಮೆರವಣಿಗೆ, ಮದುವೆಗಳನ್ನು ಪ್ರವಾಸಿ ಬದಿಯಲ್ಲಿ ನಿಂತು ನೋಡಿ ಬರೆಯಬಹುದು. ಉಪವಾಸವನ್ನು ಹಾಗೆ ನೋಡಲಾಗದು. ಒಬ್ಬ ಮನುಷ್ಯ ತಿನ್ನುತ್ತಿಲ್ಲ, ಕುಡಿಯುತ್ತಿಲ್ಲ ಎಂಬುದರಲ್ಲಿ ಕಣ್ಣಿಗೆ ಕಾಣುವಂಥದ್ದು ಏನಿದೆ? ಪ್ರವಾಸಿಯ ಗ್ರಹಿಕೆಗೆ ಇದೊಂದು ಒರೆಗಲ್ಲು. ಅವನು ಏನನ್ನು ಕಾಣಲು ಹೋಗಿದ್ದ, ಎಲ್ಲಿ ನಿಂತು ಕಂಡ, ಯಾರ ಮನೆಯಲ್ಲಿ ಉಂಡ ಎಂಬುದೆಲ್ಲ ಈ ಒಂದು ತಿಂಗಳ ವರ್ಣನೆಯಲ್ಲಿ ಹೊರಬೀಳುತ್ತದೆ.

2

ಪುಸ್ತಕಗಳಿಗೆ ಹೋಗುವ ಮೊದಲು ಕಾಲಗಣನೆಯ ಬಗ್ಗೆ ಒಂದು ಮಾತು. ಅದಿಲ್ಲದೆ ಈ ಲೇಖಕರನ್ನು ನ್ಯಾಯವಾಗಿ ತೂಗುವುದು ಸಾಧ್ಯವಿಲ್ಲ.

ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಸುಮಾರು 354 ದಿನಗಳು. ನಮ್ಮ ಯುಗಾದಿ, ಗಣೇಶ ಚೌತಿಗಳೂ ಚಂದ್ರನ ಲೆಕ್ಕದಲ್ಲೇ ಬರುತ್ತವೆ. ಆದರೆ ನಮ್ಮ ಪಂಚಾಂಗದವರು ಆಗಾಗ ಅಧಿಕಮಾಸ ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿಹಾಕುತ್ತಾರೆ. ಹಿಜರಿಯಲ್ಲಿ ಅಧಿಕಮಾಸವಿಲ್ಲ. ಹೀಗಾಗಿ ರಂಝಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಬೇಸಗೆಯಲ್ಲಿ ಬಂದದ್ದು ಕ್ರಮೇಣ ವಸಂತಕ್ಕೆ, ಚಳಿಗೆ, ಶರತ್ಕಾಲಕ್ಕೆ ಜಾರಿ ಪುನಃ ಅದೇ ಬೇಸಗೆಗೆ ಬರಬೇಕಾದರೆ ಸುಮಾರು 33 ವರ್ಷ ಹಿಡಿಯುತ್ತದೆ. ರಂಝಾನ್ ಎಂಬ ಹೆಸರಿನ ಅರಬ್ಬಿ ಧಾತುವಿಗೇ ಸುಡುವ ಬಿಸಿಲಿನ ಅರ್ಥವಿದೆ. ಆದರೆ ತಿಂಗಳು ಮಾತ್ರ ಯಾವ ಋತುವಿನಲ್ಲೂ ನಿಲ್ಲುವುದಿಲ್ಲ.

ಇದರ ಅರ್ಥವೇನು? ಒಂದು ವರ್ಷ ನೋಡಿ ಬಂದವನು ನೋಡಿದ್ದು ಆ ವರ್ಷದ ರಂಝಾನನ್ನು. ಜೂನಿನಲ್ಲಿ ನೋಡಿದವನ ಪುಸ್ತಕವೂ ಡಿಸೆಂಬರಿನಲ್ಲಿ ನೋಡಿದವನ ಪುಸ್ತಕವೂ ಒಂದೇ ಆಗಲಾರವು. ವಿಮರ್ಶಕನಾದವನು ಪುಟ ತೆರೆಯುವಾಗಲೇ ಲೇಖಕನು ಯಾವ ತಿಂಗಳಲ್ಲಿ ಅಲ್ಲಿದ್ದ ಎಂದು ಕೇಳಬೇಕು.

3

ಇಬ್ನ್ ಬತೂತ ನಮಗೆ ಅಪರಿಚಿತನಲ್ಲ. 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ದಾಟಿ ಏಳಿಮಲೆಯತ್ತ ಸಾಗಿದ ಈತನ ಹಡಗು ನಮ್ಮ ಕುಂಬಳೆ, ಕಾಸರಗೋಡಿನ ಕಡಲಿನಲ್ಲೇ ಹಾದುಹೋಗಿರಬೇಕು. ಆದರೆ ರಂಝಾನಿನ ವಿಷಯದಲ್ಲಿ ನಾವು ಓದಬೇಕಾದದ್ದು ಅದಕ್ಕಿಂತ ಮೊದಲಿನ ಪುಟಗಳನ್ನು. 1326ರಲ್ಲಿ ನೈಲ್ ನದಿಯ ಮುಖಜಭೂಮಿಯ ಅಬ್ಯಾರ್ ಎಂಬ ಪಟ್ಟಣದಲ್ಲಿ ಅವನು ಕಂಡದ್ದು ಉಪವಾಸವನ್ನಲ್ಲ, ಅದರ ಹಿಂದಿನ ಸಂಜೆಯನ್ನು.

ಶಾಬಾನ್ ತಿಂಗಳ 29ನೆಯ ದಿನ ಮಧ್ಯಾಹ್ನದ ಮೇಲೆ ಊರಿನ ಗಣ್ಯರು ಖಾಜಿಯ ಮನೆಯಲ್ಲಿ ಸೇರುತ್ತಾರೆ. ಬಾಗಿಲಲ್ಲಿ ನಿಂತವನು ಬಂದ ಒಬ್ಬೊಬ್ಬರನ್ನೂ ಬಿರುದು ಸಮೇತ ಹೆಸರು ಹೇಳಿ ಒಳಗೆ ಕರೆಯುತ್ತಾನೆ. ಎಲ್ಲರೂ ಸೇರಿದ ಮೇಲೆ ಸವಾರಿ ಹೊರಡುತ್ತದೆ. ಹಿಂದಿನಿಂದ ಊರಿನ ಗಂಡಸರು, ಮಕ್ಕಳು. ಊರ ಹೊರಗಿನ ಎತ್ತರದ ಜಾಗದಲ್ಲಿ ಹಾಸುಗಂಬಳಿ ಹಾಸಿ ಚಂದ್ರನಿಗಾಗಿ ಕಾಯುತ್ತಾರೆ. ಸಂಜೆಯ ನಮಾಜಾದ ಮೇಲೆ ಮೇಣದ ಬತ್ತಿ, ಪಂಜು, ಕಂದೀಲುಗಳೊಂದಿಗೆ ಹಿಂತಿರುಗುತ್ತಾರೆ. ಅಂಗಡಿಯವರು ತಮ್ಮ ಅಂಗಡಿಗಳಲ್ಲಿ ದೀಪ ಹಚ್ಚಿರುತ್ತಾರೆ. ಖಾಜಿಯನ್ನು ಮನೆ ಮುಟ್ಟಿಸಿ ಎಲ್ಲರೂ ಚೆದರುತ್ತಾರೆ. ಪ್ರತಿವರ್ಷವೂ ಹೀಗೆಯೇ.

ಇಷ್ಟೇ ವರ್ಣನೆ. ಭಕ್ತಿಯ ಬಗ್ಗೆ ವ್ಯಾಖ್ಯಾನವಿಲ್ಲ, ಹಸಿವಿನ ಮಾತಿಲ್ಲ. ತಾನೇ ಖಾಜಿಯ ಕೆಲಸ ಬಲ್ಲವನಾದ್ದರಿಂದ ಅವನ ಕಣ್ಣು ಹೋಗುವುದು ಯಾರು ಮುಂದೆ ನಡೆದರು, ಯಾರಿಗೆ ಯಾವ ಮರ್ಯಾದೆ ಎಂಬುದರ ಮೇಲೆ. ಅವನಿಗೆ ಉಪವಾಸ ಹೊಸದಲ್ಲ, ಆದ್ದರಿಂದ ಅದನ್ನು ವಿವರಿಸುವುದಿಲ್ಲ. ಊರು ಹೊಸದು, ಆದ್ದರಿಂದ ಊರನ್ನು ವಿವರಿಸುತ್ತಾನೆ. ಒಳಗಿನವನು ಪ್ರವಾಸಿಯಾದಾಗ ಸಿಗುವ ಲಾಭ ಇದು. ನಷ್ಟವೂ ಇದೆ. ಖಾಜಿಯ ಮನೆಯೊಳಗಿನ ಅಡುಗೆಮನೆಯಲ್ಲಿ ಆ ಸಂಜೆ ಏನು ನಡೆಯುತ್ತಿತ್ತು ಎಂಬುದು ಅವನಿಗೆ ಬರೆಯಬೇಕಾದ ಸಂಗತಿಯಾಗಿ ತೋರಿಲ್ಲ.

4

ಆ ಅಡುಗೆಮನೆಗೆ ಸ್ವಲ್ಪ ಹತ್ತಿರ ಹೋದವನು ಲೇನ್. 1825–28ರಲ್ಲಿ ಒಮ್ಮೆ, 1833–35ರಲ್ಲಿ ಇನ್ನೊಮ್ಮೆ ಕೈರೋದಲ್ಲಿ ತುರ್ಕರ ಉಡುಪು ತೊಟ್ಟು, ಮನ್ಸೂರ್ ಎಂಬ ಹೆಸರು ಇಟ್ಟುಕೊಂಡು ಬದುಕಿದ ಈತನ ಬರವಣಿಗೆಯಲ್ಲಿ ಭಾವಾವೇಶವಿಲ್ಲ. ದಾಸ್ತಾನು ಪುಸ್ತಕದ ಹಾಗೆ ಒಂದೊಂದನ್ನೇ ದಾಖಲಿಸುತ್ತಾನೆ. ಆ ಶುಷ್ಕತೆಯೇ ಅವನನ್ನು ಕಾಪಾಡಿದೆ.

ಅವನ ಎರಡು ವಿವರಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು, ನಡುರಾತ್ರಿಯ ಮೇಲೆ ಜನರನ್ನು ಊಟಕ್ಕೆ ಎಬ್ಬಿಸುತ್ತ ಬೀದಿ ಸುತ್ತುವ ಮುಸಹ್ಹಿರ್. ಕೈಯಲ್ಲೊಂದು ಸಣ್ಣ ಡೋಲು, ಜೊತೆಗೆ ದೀಪ ಹಿಡಿದ ಹುಡುಗ. ಮನೆಮನೆಯ ಮುಂದೆ ನಿಂತು ಯಜಮಾನನ ಹೆಸರೆತ್ತಿ ಹರಸುತ್ತಾನೆ. ಮಧ್ಯಮ ವರ್ಗದ ಮನೆಗಳ ಹೆಂಗಸರು ಸಣ್ಣದೊಂದು ನಾಣ್ಯವನ್ನು ಕಾಗದದಲ್ಲಿ ಸುತ್ತಿ, ಕಾಗದಕ್ಕೆ ಬೆಂಕಿ ತಾಗಿಸಿ ಕಿಟಕಿಯಿಂದ ಕೆಳಗೆ ಹಾಕುತ್ತಾರೆ – ಕತ್ತಲೆಯಲ್ಲಿ ಅದು ಎಲ್ಲಿ ಬಿತ್ತೆಂದು ಅವನಿಗೆ ಕಾಣಲಿ ಎಂದು. ಹೊರಗೆ ಹೆಸರಿಲ್ಲದ ಆ ಹೆಂಗಸರ ಕೈ, ಉರಿಯುತ್ತ ಬೀಳುವ ಆ ಕಾಗದದ ಬೆಳಕಿನಲ್ಲಿ ಒಂದು ಕ್ಷಣ ನಮಗೆ ಕಾಣುತ್ತದೆ. ಮಲಬಾರಿನ ಅತ್ತಾಳಮುಟ್ಟಿನವರ ಡೋಲು ಕೇಳಿ ಬೆಳೆದ ಹಿರಿಯರು ಈ ಪುಟವನ್ನು ಓದಿದರೆ ಕೈರೋ ಅಷ್ಟೇನೂ ದೂರವಲ್ಲ ಎನ್ನುವರು.

ಎರಡನೆಯ ವಿವರ ಇನ್ನೂ ಸಣ್ಣದು. ಅನುಕೂಲಸ್ಥರ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲು ಹರಿವಾಣದಲ್ಲಿ ಒಣಹಣ್ಣು, ಬೀಜಗಳು, ಸಕ್ಕರೆ ಪಾನಕದ ಲೋಟಗಳನ್ನು ಇಟ್ಟಿರುತ್ತಾರೆ. ಮನೆಯಲ್ಲಿ ಇರುವವರಿಗಿಂತ ಒಂದೆರಡು ಲೋಟ ಹೆಚ್ಚು. ಯಾರಾದರೂ ಹೇಳದೆ ಬಂದರೆ ಬೇಕಲ್ಲ!

ಲೇನ್ ಬರೆದ ರಂಝಾನಿನ ಪುಟಗಳ ಜೀವ ಆ ಹೆಚ್ಚಿನ ಲೋಟದಲ್ಲಿದೆ ಎಂದು ನನಗೆ ಅನಿಸುತ್ತದೆ. ಪ್ರವಾಸಿಗೆ ಸಲ್ಲುವ ಜಾಗ ಅದೇ. ಅವನು ಮನೆಯವನಲ್ಲ, ಆದರೆ ಅವನು ಬರುವ ಮೊದಲೇ ಅವನ ಲೆಕ್ಕ ಹಾಕಿ ಆಗಿದೆ. ಲೇನ್ ಇದನ್ನು ತತ್ತ್ವವಾಗಿ ಹೇಳುವುದಿಲ್ಲ. ಲೋಟಗಳನ್ನು ಎಣಿಸುತ್ತಾನೆ ಅಷ್ಟೆ. ಅವನು ಅಲ್ಲಿದ್ದ ವರ್ಷಗಳ ರಂಝಾನ್‌ಗಳೆಲ್ಲ ಬಿದ್ದದ್ದು ಚಳಿಗಾಲ ಮತ್ತು ವಸಂತದಲ್ಲಿ ಎಂಬುದನ್ನೂ ಮರೆಯಬಾರದು. ಎಣಿಸುವ ತಾಳ್ಮೆಗೆ ಹವೆಯೂ ಒದಗಿಬಂದಿತ್ತು.

5

ನೆರ್ವಾಲನ ದಾರಿಯೇ ಬೇರೆ. 1843ರಲ್ಲಿ ಅವನು ಇಸ್ತಾಂಬುಲ್ ತಲುಪಿದಾಗ ರಂಝಾನ್ ಸೆಪ್ಟೆಂಬರ್ ಕೊನೆಗೆ ಆರಂಭವಾಯಿತು. ಹಳೆಯ ನಗರದ ಭಾಗದಲ್ಲಿ ಯುರೋಪಿನವರು ರಾತ್ರಿ ತಂಗುವಂತಿರಲಿಲ್ಲ. ಅದಕ್ಕಾಗಿ ಅವನು ಪಾರ್ಸಿ ದೇಶದ ವ್ಯಾಪಾರಿಗಳ ಉಡುಪು ತೊಟ್ಟು ಅವರ ಛತ್ರವೊಂದರಲ್ಲಿ ಕೋಣೆ ಹಿಡಿದ. ಅವನ ಪುಸ್ತಕದ ಈ ಭಾಗದ ಹೆಸರೇ ರಂಝಾನಿನ ರಾತ್ರಿಗಳು. ದೀಪ ಹೊತ್ತ ಮಿನಾರುಗಳು, ಜನ ತುಂಬಿದ ಕಾಫಿ ಅಂಗಡಿಗಳು, ಕರಗ್ಯೋಜ್ ಎಂಬ ತೊಗಲುಗೊಂಬೆಯಾಟ, ರಾತ್ರಿಯಿಂದ ರಾತ್ರಿಗೆ ಮುಂದುವರಿಯುವ ಕಥನಕಾರನ ಕಥೆ.

ಯಕ್ಷಗಾನದ ನಾಡಿನ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಗಲಿನ ದಣಿವನ್ನು ರಾತ್ರಿಯ ಕಲೆ ನೀಗುವ ಕ್ರಮ, ಮಳೆಗಾಲದ ತಾಳಮದ್ದಳೆಯಲ್ಲಿ ಕಥೆ ತಿಳಿದಿದ್ದೂ ಕೂತು ಕೇಳುವ ಸುಖ ನಮ್ಮಲ್ಲೂ ಉಂಟು. ಪಾರ್ತಿಸುಬ್ಬನ ಊರಿನವರು ಕರಗ್ಯೋಜನನ್ನು ನೋಡಿ ಬೆರಗಾಗಬೇಕಿಲ್ಲ.

ಆದರೆ ಸೂಕ್ಷ್ಮವಾಗಿ ನೋಡಿದರೆ ನೆರ್ವಾಲನಲ್ಲಿ ಹಗಲು ಬಹಳ ಕಡಿಮೆ. ಉಪವಾಸವೆಂಬುದು ರಾತ್ರಿಯ ಉತ್ಸವಕ್ಕೆ ಇರುವ ಪರದೆಯಷ್ಟೇ ಆಗಿಬಿಟ್ಟಿದೆ. ಇನ್ನೊಂದು ಮುಖ್ಯ ವಿಷಯವೂ ಇದೆ. ಕಾಫಿ ಅಂಗಡಿಯ ಕಥನಕಾರನ ಬಾಯಲ್ಲಿ ಅವನು ಹೇಳಿಸುವ ಸುಲೇಮಾನ್ ಮತ್ತು ಶೀಬಾದ ರಾಣಿಯ ದೀರ್ಘ ಕಥೆ ಬಹುಮಟ್ಟಿಗೆ ಅವನದೇ ರಚನೆ. ಸಂಗೀತ ನಾಟಕಕ್ಕೆಂದು ಯೋಚಿಸಿಟ್ಟುಕೊಂಡಿದ್ದ ವಸ್ತು. ಅತಿಥಿ ತನ್ನ ಊರಿನಿಂದ ತಂದ ಬುತ್ತಿಯನ್ನೇ ಆತಿಥೇಯನ ಹರಿವಾಣದಲ್ಲಿ ಇಟ್ಟು ನಮಗೆ ಬಡಿಸುತ್ತಾನೆ. ಕವಿಯಾಗಿ ಅವನಿಗೆ ಆ ಹಕ್ಕಿದೆ. ಓದುಗನಿಗೆ ಯಾವುದು ಎಲ್ಲಿನ ಅಡುಗೆ ಎಂದು ಕೇಳುವ ಹಕ್ಕೂ ಇದೆ.

6

ಬರ್ಟನ್ ಇದಕ್ಕೆ ತದ್ವಿರುದ್ಧ. ಗೋವಾ, ಮಲಬಾರು, ನೀಲಗಿರಿಗಳಲ್ಲಿ ಅಲೆದು 1851ರಲ್ಲಿ ಒಂದು ಪುಸ್ತಕ ಬರೆದಿದ್ದ ಈ ಸೇನಾಧಿಕಾರಿ 1853ರಲ್ಲಿ ಕೈರೋದಲ್ಲಿ ಪಠಾಣ ವೈದ್ಯನ ವೇಷದಲ್ಲಿದ್ದ. ಆ ವರ್ಷ ರಂಝಾನ್ ಶುರುವಾದದ್ದು ಜೂನ್ ಎರಡನೆಯ ವಾರದಲ್ಲಿ. ವೇಷ ಬಯಲಾಗಬಾರದೆಂದರೆ ಉಪವಾಸ ಹಿಡಿಯಲೇಬೇಕು. ದಿನಕ್ಕೆ ಹದಿನಾರೂ ಕಾಲು ಗಂಟೆ ಅನ್ನವಿಲ್ಲ, ನೀರಿಲ್ಲ, ಹೊಗೆಯಿಲ್ಲ ಎಂದು ಅವನು ಲೆಕ್ಕ ಕೊಡುತ್ತಾನೆ. ಆಮೇಲೆ ಸಿಡುಕಿನ ಒಂದು ಚಿತ್ರ: ಗಂಡಸರು ಒಬ್ಬರನ್ನೊಬ್ಬರು ಬಯ್ಯುತ್ತಾರೆ, ಹೆಂಗಸರ ಮೇಲೆ ಕೈ ಮಾಡುತ್ತಾರೆ, ಹೆಂಗಸರು ಮಕ್ಕಳಿಗೆ ಬಾರಿಸುತ್ತಾರೆ, ಮಕ್ಕಳ ಕೋಪ ನಾಯಿ ಬೆಕ್ಕುಗಳ ಮೇಲೆ ಇಳಿಯುತ್ತದೆ. ಸಂಜೆಯ ತೋಪು ಹಾರುವ ಹೊತ್ತು ನಗರಕ್ಕೆ ಜೀವ ಬರುವುದನ್ನೂ ಅವನು ಚೆನ್ನಾಗಿಯೇ ಬರೆದಿದ್ದಾನೆ. ಆದರೂ ಓದಿ ಮುಗಿಸಿದ ಮೇಲೆ ನಮ್ಮಲ್ಲಿ ಉಳಿಯುವುದು ಆ ಸಿಡುಕು.

ಬರ್ಟನ್ ಸುಳ್ಳು ಬರೆದ ಎಂದು ನಾನು ಹೇಳುತ್ತಿಲ್ಲ. ಏಕಾದಶಿಯ ಸಂಜೆ ನಮ್ಮ ಮನೆಗಳಲ್ಲಿ ಅಜ್ಜನ ಸಿಟ್ಟು ಎಷ್ಟಿರುತ್ತಿತ್ತೆಂದು ನಮಗೂ ಗೊತ್ತು. ತೊಂದರೆ ಇರುವುದು ಬೇರೆ ಕಡೆ. ಅವನ ಪಾಲಿಗೆ ಈ ಉಪವಾಸ ವೇಷದ ಬಾಡಿಗೆ. ಕೊಡಲೇಬೇಕಾದ್ದರಿಂದ ಕೊಟ್ಟ. ಬೇಡವಾದ ಉಪವಾಸದ ಹಸಿವು ಬರೀ ಹಸಿವಾಗಿರುತ್ತದೆ. ಅವನು ಇತರರಲ್ಲಿ ಕಂಡದ್ದೂ ಅದನ್ನೇ. ಜೊತೆಗೆ, ಒಂದು ಜೂನಿನ ಅನುಭವವನ್ನು ಅವನು ತಿಂಗಳ ಸ್ವಭಾವವೆಂದೇ ಬರೆದುಬಿಡುತ್ತಾನೆ. ಲೇನ್ ಮತ್ತು ಬರ್ಟನ್ ಬರೆದದ್ದು ಒಂದೇ ನಗರದ ಬಗ್ಗೆ. ನಡುವೆ ಇಪ್ಪತ್ತು ವರ್ಷವೂ ಇಲ್ಲ. ಒಬ್ಬನ ಕೈರೋದಲ್ಲಿ ಹೆಚ್ಚಿನ ಲೋಟ ಕಾದಿದೆ, ಇನ್ನೊಬ್ಬನ ಕೈರೋದಲ್ಲಿ ನಾಯಿಗೆ ಏಟು ಬೀಳುತ್ತಿದೆ. ಲೇಖಕರ ಮನೋಧರ್ಮದಷ್ಟೇ ಪಂಚಾಂಗವೂ ಈ ವ್ಯತ್ಯಾಸಕ್ಕೆ ಹೊಣೆ.

7

ಈ ಪುಸ್ತಕಗಳನ್ನು ನಾನು ಒರೆಗೆ ಹಚ್ಚಿ ನೋಡಿದ್ದು 2018ರಲ್ಲಿ. ಮಗನ ಮನೆಗೆಂದು ದುಬೈಗೆ ಹೋದವನಿಗೆ ಆ ವರ್ಷದ ರಂಝಾನ್ ಅಲ್ಲೇ ಸಿಕ್ಕಿತು. ಮೇ ನಡುಭಾಗದಿಂದ ಜೂನ್ ನಡುಭಾಗದವರೆಗೆ – ಹೆಚ್ಚುಕಡಿಮೆ ಬರ್ಟನ್ನನದೇ ಬಿಸಿಲು.

ಆಗ ಆ ದೇಶದ ದಂಡಸಂಹಿತೆಯ ಪ್ರಕಾರ ರಂಝಾನಿನ ಹಗಲು ಸಾರ್ವಜನಿಕ ಜಾಗದಲ್ಲಿ ತಿನ್ನುವುದು, ಕುಡಿಯುವುದು ಯಾವ ಧರ್ಮದವನಿಗೂ ಶಿಕ್ಷಾರ್ಹವಾಗಿತ್ತು. ತೆರೆದಿದ್ದ ಕೆಲವೇ ಹೋಟೆಲುಗಳ ಮುಂದೆ ಪರದೆ. ನಾನು ಸಕ್ಕರೆ ಕಾಯಿಲೆಯವನು. ಹೊತ್ತಿಗೆ ಸರಿಯಾಗಿ ಏನಾದರೂ ಹೊಟ್ಟೆಗೆ ಬೀಳಲೇಬೇಕು. ಪರದೆಯ ಹಿಂದೆ ಕೂತು ನೀರು ಕುಡಿಯುವಾಗ ಗಂಟಲಿನ ಸದ್ದು ನನಗೇ ಕೇಳಿಸಿತು. ಎದುರಿಗೆ ನಿಂತು ದೋಸೆ ಕೊಟ್ಟ ಹುಡುಗ ಬೆಳಗಿನ ಬಾಂಗಿಗೆ ಮೊದಲು ಉಂಡವನು. ಸಂಜೆ ಏಳರವರೆಗೆ ಅವನಿಗೆ ನೀರಿಲ್ಲ. ಹೊರಗಿನವನಾಗಿರುವುದೆಂದರೆ ಏನು ಎಂಬುದು ಮಿನಾರಿನ ಮುಂದೆ ಚಿತ್ರ ತೆಗೆಯುವಾಗ ತಿಳಿಯುವುದಿಲ್ಲ. ಬೇರೆಯವನ ಬಾಯಾರಿಕೆಯ ಎದುರು ನಮ್ಮ ಒಂದು ಲೋಟ ನೀರು ದೊಡ್ಡದಾಗಿ ಕಾಣುವಾಗ ತಿಳಿಯುತ್ತದೆ. ಈ ಪರದೆಯ ನಿಯಮವನ್ನು ದುಬೈ 2021ರಲ್ಲಿ ಕೈಬಿಟ್ಟಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಆ ಕಲಮೂ ಇಲ್ಲ. ಇನ್ನು ಮುಂದೆ ಹೋಗುವ ಪ್ರವಾಸಿ ಬೇರೆಯೇ ರಂಝಾನನ್ನು ಬರೆಯುತ್ತಾನೆ.

ಕೆಲಸದ ಅವಧಿ ಆ ತಿಂಗಳು ದಿನಕ್ಕೆ ಎರಡು ಗಂಟೆ ಕಡಿಮೆ. ಉಪವಾಸ ಮಾಡುವವರಿಗೆ ಮಾತ್ರವಲ್ಲ, ಎಲ್ಲರಿಗೂ. ಸೂರ್ಯಾಸ್ತ ಹತ್ತಿರವಾದಂತೆ ರಸ್ತೆಯಲ್ಲಿ ಕಾರುಗಳ ಅವಸರ ಹೆಚ್ಚುತ್ತದೆ. ಮನೆ ಮುಟ್ಟುವ ಆತುರದಲ್ಲಿ ಅಪಘಾತವಾಗದಿರಲೆಂದು ಸಿಗ್ನಲುಗಳಲ್ಲಿ ಸ್ವಯಂಸೇವಕರು ಖರ್ಜೂರ, ನೀರಿನ ಪೊಟ್ಟಣಗಳನ್ನು ಕಿಟಕಿಯೊಳಗೆ ಕೊಡುತ್ತಾರೆ. ಯಾರು ನೀನು, ಉಪವಾಸವೇ ಎಂದು ಕೇಳುವುದಿಲ್ಲ. ಲೇನ್ ಎಣಿಸಿದ ಹೆಚ್ಚಿನ ಲೋಟ ಈಗ ಪ್ಲಾಸ್ಟಿಕ್ಕಿನ ಪೊಟ್ಟಣವಾಗಿದೆ. ಇನ್ನೊಂದು ಕುತೂಹಲದ ಸಂಗತಿ: 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ನಿವಾಸಿಗಳಿಗೆ 2011ರಲ್ಲಿ ದುಬೈಯ ಮುಖ್ಯ ಮುಫ್ತಿ ಕೊಟ್ಟ ಸೂಚನೆ. 80ನೆಯ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ನೆಯ ಮಹಡಿಯಿಂದ ಮೇಲಿನವರು ಮೂರು ನಿಮಿಷ ಹೆಚ್ಚು ಕಾಯಬೇಕು. ಅಷ್ಟು ಎತ್ತರದಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ. ಶ್ರೀಮಂತನ ಉಪವಾಸ ಬಡವನದಕ್ಕಿಂತ ಮೂರು ನಿಮಿಷ ಉದ್ದ!

ದೇರಾದ ಒಂದು ಮಸೀದಿಯ ಹೊರಗೆ ಕಾಲುದಾರಿಯ ಮೇಲೆ ಪ್ಲಾಸ್ಟಿಕ್ ಹಾಸು ಉದ್ದಕ್ಕೆ ಹಾಸಿ ಜನ ಸಾಲಾಗಿ ಕೂತಿದ್ದರು. ಪಾಕಿಸ್ತಾನದವರು, ಬಾಂಗ್ಲಾದವರು, ಮಲಬಾರಿನವರು, ಇನ್ನೂ ಯಾರು ಯಾರೋ. ನೋಡುತ್ತ ನಿಂತ ನನ್ನನ್ನು ಒಬ್ಬ ಮುದುಕ ಕೈಹಿಡಿದು ಕೂರಿಸಿದ. ಬಾಂಗ್ ಆಗುವವರೆಗೆ ಎದುರಿಗೆ ಖರ್ಜೂರ, ಮಜ್ಜಿಗೆ, ಅನ್ನ. ಯಾರೂ ಮುಟ್ಟುವುದಿಲ್ಲ, ಯಾರೂ ಮಾತಾಡುವುದಿಲ್ಲ. ಕೊನೆಯ ಆ ಎರಡು ಮೂರು ನಿಮಿಷಗಳನ್ನು ನಾಲ್ವರು ಲೇಖಕರಲ್ಲಿ ಯಾರೂ ನನಗೆ ತೃಪ್ತಿಯಾಗುವಂತೆ ಬರೆದಿಲ್ಲ.

8

ಊರಿಗೆ ಬಂದ ಮೇಲೆ ಈ ಮಾತನ್ನು ನಮ್ಮ ನೆರೆಯ ಹಿರಿಯರೊಬ್ಬರಲ್ಲಿ ಹೇಳಿದೆ. ಅವರು 1976ರ ಕೊನೆಗೆ ಬೊಂಬಾಯಿಯಿಂದ ‘ದ್ವಾರಕಾ’ ಹಡಗು ಹತ್ತಿ ಹೋದವರು. 2009ರ ರಂಝಾನ್ ಮುಗಿಸಿ ಮರಳಿದವರು. ಅಷ್ಟೂ ಕಾಲ ಮಲಬಾರಿನವರ ಹೋಟೆಲುಗಳಲ್ಲಿ ತಿಂಡಿ ಮಾಡುವ ಕೆಲಸ. ನಾನು ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ಅವರೆಂದರು: “ಅದೆಲ್ಲ ಸರಿ ಮಾಷ್ಟ್ರೇ, ಉಪ್ಪಿನ ವಿಷಯ ಯಾರೂ ಬರೆಯಲಿಲ್ಲವಾ?”

ವಿಷಯ ಹೀಗೆ. ರಂಝಾನಿನಲ್ಲಿ ಹೋಟೆಲಿನ ಅಡುಗೆಮನೆ ಮಧ್ಯಾಹ್ನದಿಂದಲೇ ಬಿಸಿಯಾಗುತ್ತದೆ. ಸಂಜೆಯೊಳಗೆ ನೂರಾರು ಸಮೋಸ, ತರಿಕಂಜಿ, ಪತ್ತಿರಿ, ಸಾರು ತಯಾರಾಗಬೇಕು. ಬೇಯಿಸುವವರೆಲ್ಲ ಉಪವಾಸದವರು. ನಾಲಿಗೆಯ ತುದಿಗೆ ತಾಗಿಸಿ ಉಗುಳಬಹುದು ಎನ್ನುವವರಿದ್ದರೂ ಹೆಚ್ಚಿನವರಿಗೆ ಮನಸ್ಸು ಒಪ್ಪದು. ಆಗ ಕರೆ ಬರುತ್ತಿತ್ತು: “ಏಟ್ಟಾ, ಉಪ್ಪು ನೋಕ್ಕ್.” ಒಲೆಯಿಂದ ಒಲೆಗೆ ಹೋಗಿ ರುಚಿ ನೋಡಿ, ಸಾಕು ಅಥವಾ ಬೇಕು ಎಂದು ಹೇಳುವುದು ಇವರ ಪಾಲಿನ ರಂಝಾನ್. ಬೇರೆ ತಿಂಗಳು ಅವರೂ ಎಲ್ಲರಂತೆ ಒಬ್ಬ ಕೆಲಸದವರು. ಆ ಒಂದು ತಿಂಗಳು ಅಷ್ಟು ಜನರ ನಾಲಿಗೆ ಇವರ ಬಾಯಲ್ಲಿ ಇರುತ್ತಿತ್ತು.

“ಹಗಲು ನೀವು ಉಣ್ಣುತ್ತಿದ್ದಿರಾ?” ಎಂದು ಕೇಳಿದೆ. “ಉಣ್ಣಬಾರದು ಅಂತ ಯಾರೂ ಹೇಳಿದ್ದಿಲ್ಲ. ಎತ್ತಿಟ್ಟು ಕೊಡುತ್ತಿದ್ದರು. ಆದರೆ ರುಚಿ ನೋಡಿ ನೋಡಿಯೇ ಹಸಿವು ಸತ್ತುಹೋಗುತ್ತಿತ್ತು. ಸಂಜೆ ಅವರೊಟ್ಟಿಗೇ ಕೂತು ಉಣ್ಣುವುದು” ಎಂದರು.

1980ರ ದಶಕದ ಆರಂಭದ ಜೂನ್ ತಿಂಗಳ ಉಪವಾಸವನ್ನು ಅವರು ಬಲ್ಲರು. ಒಲೆಯ ಮುಂದೆ ನಿಂತು ಕಣ್ಣು ಕತ್ತಲಿಟ್ಟು ಬಿದ್ದವರನ್ನು ಎತ್ತಿ ಕೂರಿಸಿದ್ದನ್ನು ಬಲ್ಲರು. ತೊಂಬತ್ತರ ದಶಕದ ಕೊನೆಯ ಚಳಿಯ ರಂಝಾನನ್ನೂ ಬಲ್ಲರು. 1997ರಲ್ಲಂತೂ ಜನವರಿಯಲ್ಲೊಮ್ಮೆ, ವರ್ಷದ ಕೊನೆಗೆ ಮತ್ತೊಮ್ಮೆ ತಿಂಗಳು ಆರಂಭವಾದದ್ದು ಅವರ ನೆನಪಿನಲ್ಲಿದೆ. ರಂಝಾನ್ ಎಲ್ಲ ಋತುಗಳಲ್ಲಿ ಸುತ್ತಿ ಮೊದಲಿನ ಜಾಗಕ್ಕೆ ಬರಲು 33 ವರ್ಷ ಬೇಕೆಂದು ಮೇಲೆ ಹೇಳಿದೆನಷ್ಟೆ. ನಾಲ್ವರು ಹೆಸರಾಂತ ಪ್ರವಾಸಿಗಳಲ್ಲಿ ಬೇರೊಂದು ದೇಶದಲ್ಲಿದ್ದು ಈ ಸುತ್ತನ್ನು ಪೂರ್ತಿ ಕಂಡವನು ಯಾರೂ ಇಲ್ಲ. ಕಂಡವರು ಕುಂಬಳೆ ಸೀಮೆಯ ಒಬ್ಬ ಅಡುಗೆಯವರು. ಅವರಿಗೆ ಬರೆಯಲು ಓದಲು ಬರುವ ಭಾಷೆ ಕನ್ನಡ.

9

ಇಲ್ಲಿಂದ ವಿಮರ್ಶೆ ನಮ್ಮ ಕಡೆಗೆ ತಿರುಗಬೇಕು. ಮಲಯಾಳದಲ್ಲಿ ಗಲ್ಫ್ ಬದುಕು ಸಾಹಿತ್ಯದ ದೊಡ್ಡ ವಸ್ತುವಾಗಿದೆ. 1970ರ ದಶಕದಲ್ಲಿ ಎಸ್. ಎ. ಜಮೀಲ್ ಕಟ್ಟಿದ ದುಬೈ ಕತ್ತುಪಾಟ್ಟಿನಲ್ಲಿ ಊರಿನಲ್ಲಿ ಉಳಿದ ಹೆಂಡತಿಯ ಕಾಗದ ಹಾಡಾಯಿತು. 2008ರಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’, ಅದೇ ವರ್ಷ ಎಂ. ಮುಕುಂದನ್ ಅವರ ‘ಪ್ರವಾಸಂ’ ಬಂದವು. ನಮ್ಮ ಮಕ್ಕಳು ತಂದೆಯ ಕಷ್ಟವನ್ನು ಸಾಹಿತ್ಯದಲ್ಲಿ ಓದಬೇಕಾದರೆ ಮಲಯಾಳದಲ್ಲಿ ಓದುತ್ತಾರೆ. ಓದಲಿ, ಒಳ್ಳೆಯದೇ, ಎರಡು ಭಾಷೆಯ ಈ ವಾರ್ಷಿಕ ಇರುವುದೂ ಅದಕ್ಕೇ. ಆದರೆ ಅದೇ ಕಷ್ಟ ಪಟ್ಟವರು ಕನ್ನಡದಲ್ಲಿ ಮನೆಗೆ ಕಾಗದ ಬರೆದವರು. ಕನ್ನಡ ನಮಗೆ ಹಕ್ಕಿನ ಭಾಷೆ, ಶಾಲೆಯ ಭಾಷೆ, ಯಕ್ಷಗಾನದ ಭಾಷೆ ಎನ್ನುತ್ತೇವೆ. ನಮ್ಮ ದುಡಿಮೆಯ ಭಾಷೆಯಾಗಿ ಅದನ್ನು ನಾವು ಎಷ್ಟು ಬಳಸಿದ್ದೇವೆ? ಭಾಷೆಯೊಂದು ಗಡಿಯಲ್ಲಿ ಉಳಿಯುವುದು ಮನವಿಪತ್ರಗಳಿಂದ ಮಾತ್ರವಲ್ಲ. ಮನೆಯವರು ಕಂಡುಂಡದ್ದು ಅದರಲ್ಲಿ ಸೇರದಿದ್ದರೆ ಮೂರನೆಯ ತಲೆಮಾರಿಗೆ ಅದು ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯುತ್ತದೆ.

ಕನ್ನಡದೊಳಗೆ ಇದಕ್ಕೆ ಬೇಕಾದ ಮಾತುಗಳಿಲ್ಲವೆಂದು ಯಾರೂ ಹೇಳಲಾರರು. ಚಂದ್ರಗಿರಿಯ ತೀರದ ಮುಸ್ಲಿಂ ಹೆಣ್ಣಿನ ಬಾಳನ್ನು ಸಾರಾ ಅಬೂಬಕ್ಕರ್ ಕನ್ನಡದಲ್ಲೇ ಬರೆದರು. ಶಬ್ದಗಳನ್ನೇ ನೋಡಿ. ಮಲಯಾಳದ ‘ನೋಂಬ್’, ಬ್ಯಾರಿಯವರ ‘ನೋಂಬು’, ಹಳಗನ್ನಡದ ‘ನೋಂಪಿ’ ಒಂದೇ ಬೇರಿನವು; ವ್ರತ ಹಿಡಿಯುವುದೆಂದು ಅರ್ಥ. ಜೈನರ ನೋಂಪಿ ಕಥೆಗಳ ಶಬ್ದವೇ ನೆರೆಮನೆಯಲ್ಲಿ ಇವತ್ತೂ ಜೀವಂತವಾಗಿದೆ. ಸಂಜೆಯ ಊಟಕ್ಕೆ ನಮ್ಮ ಪತ್ರಿಕೆಗಳು ‘ಉಪವಾಸ ಮುರಿದರು’ ಎಂದು ಬರೆಯುತ್ತವೆ. ಇಂಗ್ಲಿಷಿನಿಂದ ಇಳಿದ ಮಾತು ಅದು. ಹಿಡಿದ ವ್ರತವೇ ಕೆಟ್ಟುಹೋಯಿತೇನೋ ಎಂಬಂತೆ ಕೇಳಿಸುತ್ತದೆ. ಮಲಯಾಳದವರು ‘ನೋಂಬು ತುರ’ ಎನ್ನುತ್ತಾರೆ, ತೆರೆಯುವುದು ಎಂದು. ನಮ್ಮಲ್ಲಿ ಏಕಾದಶಿಯ ಮರುದಿನಕ್ಕೆ ‘ಪಾರಣೆ’ ಎಂಬ ಮಾತಿದೆ; ವ್ರತವನ್ನು ಪೂರೈಸಿ ಉಣ್ಣುವುದು. ಆ ನೆರೆಯವರು ಮಾತಿನ ನಡುವೆ ಇಫ್ತಾರಿಗೆ ಸಹಜವಾಗಿ ಪಾರಣೆ ಎಂದೇ ಹೇಳಿದರು. ಹೊರಗಿನವರು ನೂರು ಪುಟ ಬರೆದು ವಿವರಿಸುವುದನ್ನು ಆ ಒಂದು ಶಬ್ದ ಅರ್ಥ ಮಾಡಿಸುತ್ತದೆ: ಇದು ನಮಗೆ ತಿಳಿಯದ ಸಂಗತಿಯಲ್ಲ.

ಎಪ್ಪತ್ತರ ದಶಕದಲ್ಲಿ ಕಡಲು ದಾಟಿದವರಿಗೆ ಈಗ ಎಪ್ಪತ್ತು ಕಳೆದಿದೆ. ಅವರಲ್ಲಿ ಹೆಚ್ಚಿನವರು ಪುಸ್ತಕ ಬರೆಯುವವರಲ್ಲ. ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು, ನಮ್ಮ ಶಾಲಾಮಕ್ಕಳದು. ದೊಡ್ಡ ಪ್ರಶ್ನೆಗಳು ಬೇಡ. ಧರ್ಮದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ ಸಭೆಯ ಭಾಷಣ ಸಿಗುತ್ತದೆ. ನೀವು ಹೋದ ವರ್ಷ ರಂಝಾನ್ ಯಾವ ತಿಂಗಳಲ್ಲಿ ಬಂತು, ಕೋಣೆಯಲ್ಲಿ ಎಷ್ಟು ಜನ, ರಾತ್ರಿಯೂಟಕ್ಕೆ ಎದ್ದವರು ದೀಪ ಹಾಕುತ್ತಿದ್ದರೋ ಅಥವಾ ನಿಮಗೆ ನಿದ್ದೆ ಕೆಡಬಾರದೆಂದು ಕತ್ತಲೆಯಲ್ಲೇ ಉಣ್ಣುತ್ತಿದ್ದರೋ, ನೀವು ನೀರು ಕುಡಿದದ್ದು ಎಲ್ಲಿ, ಉಪ್ಪು ನೋಡಿದವರು ಯಾರು – ಇಷ್ಟು ಕೇಳಿದರೆ ಸಾಕು. ಉತ್ತರಗಳನ್ನು ಅವರು ಹೇಳಿದ ಮಾತಿನಲ್ಲೇ, ತಿದ್ದದೆ ಬರೆದಿಡಬೇಕು. ಈ ವಾರ್ಷಿಕದ ಕನ್ನಡ ಬದಿಯಲ್ಲಿ ಅವಕ್ಕೆ ಪ್ರತಿವರ್ಷ ನಾಲ್ಕು ಪುಟ ಮೀಸಲಿಡಲು ಸಂಪಾದಕರಿಗೆ ಕಷ್ಟವಾಗದು ಎಂದು ನಂಬಿದ್ದೇನೆ.